ನಿಂಗಣ್ಣನ ಸೂಜಿಗೆ ಬದಲಿ ಹೋದ ಗುರುಪಾದ

ಗುರುಪಾದ ವಿಜಯಪುರದ ಕಡೆಯವನು. ಮುಂಬೈಗೆ ಬಂದು ಮೂವತ್ತೇಳು ವರ್ಷವಾಯಿತು. ಅಷ್ಟೂ ವರ್ಷದಲ್ಲಿ ಅವನಿಗೆ ಸ್ವಂತದ್ದೆಂಬ ಒಂದು ನೌಕರಿ ಇರಲಿಲ್ಲ. ಹಾಗೆಂದು ಒಂದು ದಿನ ಕೈಕಟ್ಟಿ ಕೂತವನೂ ಅಲ್ಲ. ಅವನು ಬದಲಿ. ವಾಚ್‌ಮನ್ ಊರಿಗೆ ಮದುವೆಗೆ ಹೋಗಬೇಕೆಂದರೆ ಸೂಪರ್‌ವೈಸರ್ ರಜೆ ಕೊಡುವುದಿಲ್ಲ, ‘ಬದಲಿ ಕೊಟ್ಟು ಹೋಗು’ ಎನ್ನುತ್ತಾನೆ. ಆಗ ಎಲ್ಲರಿಗೂ ನೆನಪಾಗುವವನು ಗುರುಪಾದ. ಅವನು ಹೋದವನ ಯೂನಿಫಾರ್ಮ್ ತೊಡುತ್ತಾನೆ, ಹೋದವನ ಸ್ಟೂಲಿನ ಮೇಲೆ ಕೂರುತ್ತಾನೆ, ಹೋದವನ ಹೆಸರು ಹಿಡಿದು ಕರೆದರೆ ‘ಹಾಂ ಜೀ’ ಎನ್ನುತ್ತಾನೆ. ಹಾಜರಿ ಬೀಳುವುದು ಹೋದವನ ಹೆಸರಿಗೇ. ಇದು ಬಟ್ಟೆ ಗಿರಣಿಗಳ ಕಾಲದ ಪದ್ಧತಿ. ಗಿರಣಿಗಳು ಹೋದವು, ಪದ್ಧತಿ ಉಳಿಯಿತು.

ಈ ಕೆಲಸದಲ್ಲಿ ಅವನಿಗಿದ್ದ ನಿಷ್ಠೆಯನ್ನು ನಾನು ಯಾವ ಖಾಯಂ ನೌಕರನಲ್ಲೂ ಕಂಡಿಲ್ಲ. ಬಾಂದ್ರಾದ ಒಂದು ಸೊಸೈಟಿಯಲ್ಲಿ ಸುಭಾಷನ ಬದಲಿಯಾಗಿದ್ದಾಗ, ಹಿಂದಿನ ವಾರ ಸುಭಾಷ ಮಾಡಿದ್ದ ತಪ್ಪಿಗೆ ಸೆಕ್ರೆಟರಿ ಇವನನ್ನು ನಿಲ್ಲಿಸಿ ಬೈದರು. ಗುರುಪಾದ ತಲೆ ತಗ್ಗಿಸಿ ಮಾಫಿ ಕೇಳಿದ, ಇನ್ನು ಹೀಗಾಗುವುದಿಲ್ಲ ಎಂದು ಮಾತೂ ಕೊಟ್ಟ. ಅದೇ ಸುಭಾಷನಿಗೆ ಇಪ್ಪತ್ತು ವರ್ಷದ ಸೇವೆಗೆಂದು ಶಾಲು ಹೊದಿಸುವ ದಿನ ಸುಭಾಷನೇ ತನ್ನ ಊರಿಗೆ ಹೋಗಿದ್ದ. ಗುರುಪಾದ ವೇದಿಕೆ ಹತ್ತಿ ಶಾಲು ಹೊದ್ದು, ಇಪ್ಪತ್ತು ವರ್ಷ ಹೇಗೆ ಕಳೆಯಿತೋ ತಿಳಿಯಲೇ ಇಲ್ಲ ಎಂದು ಕಣ್ಣೊರೆಸಿಕೊಂಡು ಭಾಷಣ ಮಾಡಿದ. ಇನ್ನೊಮ್ಮೆ ಜೋಗೇಶ್ವರಿಯ ಒಂದು ಕಾರ್ಖಾನೆಯಲ್ಲಿ ಮನೀಶನ ಬದಲಿಯಾಗಿದ್ದಾಗ ಕಣ್ಣು ತಪಾಸಣೆಯವರು ಬಂದರು. ಅಕ್ಷರ ಓದಿದ್ದು ಗುರುಪಾದ, ಕನ್ನಡಕ ಬಂದದ್ದು ಮನೀಶನ ಹೆಸರಿಗೆ. ಮನೀಶ ಎರಡು ವರ್ಷ ಅದನ್ನು ಹಾಕಿಕೊಂಡು ಬಾಗಿಲು ಕಿಟಕಿಗೆಲ್ಲ ಢಿಕ್ಕಿ ಹೊಡೆಯುತ್ತ ಓಡಾಡಿದ. ಎಲ್ಲಿ ತಪ್ಪಿತೆಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಫೋರ್ಟಿನ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ, ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಊರು ಉಡುಪಿ. ಆ ಕಟ್ಟಡದ ಲಿಫ್ಟ್‌ಮನ್ ನಿಂಗಣ್ಣ. ಗುರುಪಾದನ ಊರಿನವನೇ, ಅವನಿಗಿಂತ ಎರಡು ವರ್ಷ ದೊಡ್ಡವನು. ಇಬ್ಬರೂ ಒಂದೇ ರೈಲಿನಲ್ಲಿ ಮುಂಬೈಗೆ ಬಂದವರು. ಗುರುಪಾದ ಮದುವೆಯಾಗಲಿಲ್ಲ. ಜೋಗೇಶ್ವರಿಯ ಚಾಳಿನಲ್ಲಿ ನಿಂಗಣ್ಣನ ಪಕ್ಕದ ಖೋಲಿ ಅವನದು, ಊಟ ನಿಂಗಣ್ಣನ ಹೆಂಡತಿ ನೀಲಾಬಾಯಿಯ ಕೈಯದು. ಲಿಫ್ಟಿಗೆ ನಿಂಗಣ್ಣ ಬಾರದ ದಿನ ಗುರುಪಾದ ಬರುತ್ತಿದ್ದ. ನಾವು ಅವನನ್ನೂ ‘ನಿಂಗಣ್ಣ’ ಎಂದೇ ಕರೆಯುತ್ತಿದ್ದೆವು, ಅವನಿಗೂ ಅದೇ ಸರಿಯೆನಿಸುತ್ತಿತ್ತು.

ಹೋದ ವರ್ಷ ನಿಂಗಣ್ಣನಿಗೆ ಸೊಂಟ ನೋವು ಹತ್ತಿಕೊಂಡಿತು. ಎಲ್ಲರೂ ಸ್ಟೂಲನ್ನು ದೂರಿದೆವು. ಸ್ಟೂಲು ಬದಲಾಯಿತು, ನೋವು ಬದಲಾಗಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ತಿಳಿದದ್ದು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್; ಸೊಂಟಕ್ಕೂ ಬೆನ್ನುಮೂಳೆಗೂ ಆಗಲೇ ಹರಡಿತ್ತು.

ಡಾಕ್ಟರ್ ಶ್ರಾವ್ಯಾ ಎಂಬ ಹುಡುಗಿ ಅಲ್ಲಿ. ಅಪ್ಪ ಅಮ್ಮ ನಮ್ಮ ಉಡುಪಿ ಕಡೆಯವರು, ಹುಟ್ಟಿ ಬೆಳೆದದ್ದು ಬಾಂದ್ರಾ. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು. ಮಾತಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು.

“ಅಂಕಲ್, ಈ ಗಡ್ಡೆ ಉಂಟಲ್ಲ, ಇದ್ಕೆ ಮೇಲ್ ಹಾರ್ಮೋನೇ ಖಾನಾ,” ಎಂದಳು. “ಮೂರು ತಿಂಗಳಿಗೆ ಒಂದು ಇಂಜೆಕ್ಷನ್ ಕೊಡ್ತೇವೆ, ಆ ಖಾನಾ ಬಂದ್. ಮತ್ತೆ ಕೀಮೋ, ಮೂರು ವಾರಕ್ಕೊಂದು, ಆರು ಬಾರ್. ಅದು ಡೈರೆಕ್ಟ್ ಗಡ್ಡೆಗೇ ಹೊಡೀತದೆ. ದೋನೋ ಸಾಥ್ ಮೇ ಬೇಕು. ಪೂರಾ ಹೋಗುದಿಲ್ಲ, ಆದ್ರೆ ವರ್ಷಗಟ್ಟಲೆ ದಬಾಯಿಸಿ ಇಡ್ಬಹುದು. ಒಂದೇ ತಗೊಂಡ್ರೆ ಆಗುದಿಲ್ಲ, ಸಮಝೇ?”

ಒಂದು ರೇಷನ್ ನಿಲ್ಲಿಸುವುದು, ಇನ್ನೊಂದು ಲಾಠಿ ಬೀಸುವುದು ಎಂದು ನಾನು ಬಿಡಿಸಿ ಹೇಳಿದೆ. ನಿಂಗಣ್ಣ ಗಂಭೀರವಾಗಿ ತಲೆಯಾಡಿಸಿದ. ಆದರೆ ಅವನ ಕಿವಿಗೆ ಬಿದ್ದದ್ದು ಒಂದೇ ಮಾತು, ಮೇಲ್ ಹಾರ್ಮೋನ್ ಬಂದ್, ಎಂದರೆ ಗಂಡಸುತನ ಬಂದ್. ಮರುದಿನ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟ್ ನಿಲ್ಲಿಸಿ ನನ್ನ ಕಡೆ ತಿರುಗಿದ. ಒಳಗೆ ವಕೀಲರ ಇಬ್ಬರು ಕಕ್ಷಿದಾರರೂ ಇದ್ದರು.

“ಸಾಹೇಬ್ರ, ಮೀಸಿ ಉದರತಾವೇನ್ರಿ?”

“ಇಲ್ಲ ಮಾರಾಯ. ಮೊದಲು ಲಿಫ್ಟ್ ಬಿಡು.”

“ದನಿ ಹೆಣ್ಣಾಗತೈತೇನ್ರಿ?”

ಅದೂ ಆಗುವುದಿಲ್ಲ ಎಂದು ಪ್ರಮಾಣ ಮಾಡಿದ ಮೇಲೆಯೇ ನಾವು ಮೂರೂ ಜನ ಮೇಲೆ ಹೋದದ್ದು.

ಸೂಜಿಯ ದಿನ ಮಂಗಳವಾರ. ಆಸ್ಪತ್ರೆಯ ಸಾಲಿಗೆ ಬೆಳಗಿನ ಆರಕ್ಕೇ ನಿಲ್ಲಬೇಕು. ಸೊಂಟ ನೋವಿನವನು ಅಷ್ಟು ಹೊತ್ತು ಹೇಗೆ ನಿಂತಾನು ಎಂದು ಗುರುಪಾದ ಫೈಲು ಹಿಡಿದು ಮೊದಲೇ ಹೋದ. ನಿಂಗಣ್ಣ ಒಂಬತ್ತರ ಹೊತ್ತಿಗೆ ಬರುವುದೆಂದು ಮಾತಾಯಿತು. ಆ ದಿನವೇ ಅಂಧೇರಿಯ ಹತ್ತಿರ ಸಿಗ್ನಲ್ ಕೆಟ್ಟು ಲೋಕಲ್‌ಗಳೆಲ್ಲ ನಿಂತವು. ಒಂಬತ್ತೂಕಾಲಿಗೆ ನರ್ಸ್ ಬಾಗಿಲಿಗೆ ಬಂದು ನಿಂಗಣ್ಣನ ಹೆಸರು ಕೂಗಿದಳು. ಮೂವತ್ತೇಳು ವರ್ಷದ ಅಭ್ಯಾಸ. ಗುರುಪಾದ ‘ಹಾಂ ಜೀ’ ಎಂದು ಎದ್ದು ನಿಂತ.

ಹುಟ್ಟಿದ ದಿನ ಕೇಳಿದರು, ನಿಂಗಣ್ಣನದನ್ನು ಹೇಳಿದ. ವಿಳಾಸ ಕೇಳಿದರು, ಹೇಳಿದ. ನೋವೆಲ್ಲಿ ಎಂದರು, ಸೊಂಟದಿಂದ ಎಡಗಾಲಿಗೆ ಇಳಿಯುವುದನ್ನು ಬೆರಳಿಟ್ಟು ತೋರಿಸಿದ. ಫೈಲಿನ ಫೋಟೋದಲ್ಲಿ ಒಂದು ಮೀಸೆ ಇತ್ತು, ಎದುರಿಗೂ ಒಂದು ಮೀಸೆ ಇತ್ತು. ಹೊರಗೆ ಇನ್ನೂರು ಜನ ಕಾಯುತ್ತಿದ್ದರು. ‘ಶರ್ಟ್ ಊಪರ್’ ಎಂದಳು ನರ್ಸ್. ಇವನು ಶರ್ಟ್ ಎತ್ತಿದ.

ಆಮೇಲೊಮ್ಮೆ ನಾನು ಸಿಟ್ಟಿನಿಂದ ಕೇಳಿದಾಗ ಅವನು ಹೇಳಿದ್ದು ಇಷ್ಟು: “ಸಾಹೇಬ್ರ, ನಾ ಡ್ಯೂಟಿ ಮಾಡಿದ್ರ ಹಾಜರಿ ಅವಗ ಬೀಳತೈತಿ. ಬೈಗುಳಾ ತಿಂದ್ರ ಅವನ ಹೆಸರಿಗೆ ಬೀಳತೈತಿ. ಶಾಲು ಹೊಚ್ಚಿದ್ರೂ ಅವಗ ಬೀಳತೈತಿ. ಸೂಜಿ ಒಂದಽ ಯಾಕ ಬೀಳೂದಿಲ್ಲರಿ? ಕಾರ್ಡಿನ ಮ್ಯಾಲ ಶಿಕ್ಕಾ ಅವನ ಹೆಸರಿಗೆ ಬಿದ್ದೈತಲ್ಲ!” ನಲವತ್ತು ವರ್ಷ ಗುಮಾಸ್ತಿಕೆ ಮಾಡಿದ ನಾನೂ ಶಿಕ್ಕೆಯನ್ನೇ ನಂಬಿದವನು.

ಹನ್ನೊಂದಕ್ಕೆ ಕುಂಟುತ್ತ ಬಂದ ನಿಂಗಣ್ಣನಿಗೆ ಗುರುಪಾದ ಕಾರ್ಡು ತೋರಿಸಿದ. ನಿಂಗಣ್ಣ ಬೈಯುತ್ತಾನೆಂದು ಹೆದರಿದ್ದನಂತೆ. ನಿಂಗಣ್ಣ ಆಸ್ಪತ್ರೆಯ ಅಂಗಳದಲ್ಲೇ ಅವನನ್ನು ತಬ್ಬಿಕೊಂಡ. “ಲೇ ಗುರ್ಯಾ, ನನ್ನ ಮೀಸಿ ಉಳಿಸಿದಿ! ನಿನಗರ ಹೆಂಡ್ತಿ ಇಲ್ಲ ಮಕ್ಕಳಿಲ್ಲ, ಹಾರ್ಮೋನ್ ತಗೊಂಡು ಏನ್ ಮಾಡಾವ ಇದ್ದಿ?” ಎಂದ. ಇಬ್ಬರೂ ಚಹಾ ಕುಡಿದು, ಯಾರಿಗೂ ಹೇಳಬಾರದೆಂದು ಮಾತಾಡಿಕೊಂಡು ಮನೆಗೆ ಹೋದರು.

ಗುರುವಾರ ನಿಂಗಣ್ಣ ತಾನೇ ಹೋಗಿ ಕೀಮೋ ಬಾಟಲಿ ಏರಿಸಿಕೊಂಡ. ಹನಿಹನಿಯಾಗಿ ಕಣ್ಣೆದುರೇ ಮೈಗೆ ಇಳಿಯುವುದು ಖರೇ ಔಷಧಿ ಎಂದು ಅವನಿಗೆ ನಂಬಿಕೆ. ಎರಡೂ ಔಷಧಿ ಕೂಡಿಸಿ ಕೊಡಬೇಕೆಂದು ಡಾಕ್ಟರ್ ಹೇಳಿದ್ದಳು. ಕೂಡಿಸಿ ಆಯಿತು, ಎರಡು ಮೈಯಲ್ಲಿ. ಒಬ್ಬನ ತಲೆಗೂದಲು ಉದುರಿತು, ಇನ್ನೊಬ್ಬನಿಗೆ ಮೈ ಕಾಯತೊಡಗಿತು.

ಮೂರನೇ ವಾರದಿಂದ ಶುರುವಾಯಿತು ಗುರುಪಾದನಿಗೆ. ಕುತ್ತಿಗೆಯಿಂದ ಬಿಸಿ ಏಳುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಅಂಗಿ ತೊಯ್ದು ಹೋಗುತ್ತಿತ್ತು, ಹತ್ತು ನಿಮಿಷಕ್ಕೆ ತಣ್ಣಗಾಗಿ ಚಳಿ ಹಿಡಿಯುತ್ತಿತ್ತು. ಎದೆಗೆ ಕೈ ತಾಗಿದರೆ ನೋವು. ಸುಮ್ಮಸುಮ್ಮನೆ ಅಳು ಬೇರೆ. ಲಿಫ್ಟಿನಲ್ಲಿ ಒಬ್ಬ ಮುದುಕಿ ‘ಜೀತೇ ರಹೋ ಬೇಟಾ’ ಎಂದದ್ದಕ್ಕೆ ಅವನು ಐದನೇ ಮಹಡಿಯವರೆಗೆ ಬಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ನಿಂಗಣ್ಣನ ಚಿಂತೆಯಿರಬೇಕೆಂದು ನಾವು ಮರುಗಿದೆವು.

ನೀಲಾಬಾಯಿಗೆ ಆಗ ಐವತ್ತೆರಡು. ಅವಳಿಗೂ ಅದೇ ವರ್ಷ ಅದೇ ಕಾವು ಶುರುವಾಗಿತ್ತು. ಊಟದ ಹೊತ್ತಿಗೆ ಅವಳು ರಟ್ಟಿನ ತುಂಡು ಹಿಡಿದು ಗಾಳಿ ಬೀಸಿಕೊಂಡರೆ, ಎದುರಿಗೆ ಗುರುಪಾದ ಊಟದ ತಾಟು ಎತ್ತಿ ಬೀಸಿಕೊಳ್ಳುತ್ತಿದ್ದ. ಒಂದೊಂದು ಸಲ ಇಬ್ಬರಿಗೂ ಒಟ್ಟಿಗೇ ಬರುತ್ತಿತ್ತು. ನಡುವೆ ಬೋಳುತಲೆಯ ನಿಂಗಣ್ಣ, ಕೀಮೋದ ಚಳಿಗೆ ಶಾಲು ಹೊದ್ದು, ಇಬ್ಬರನ್ನೂ ನೋಡುತ್ತ ಕೂತಿರುತ್ತಿದ್ದ.

ಹತ್ತನೇ ವಾರ ರಕ್ತ ತಪಾಸಣೆ ಬಂತು. ಖಾಲಿ ಹೊಟ್ಟೆಯಲ್ಲಿ, ಮತ್ತೆ ಅದೇ ಸಾಲು. ನಿಂಗಣ್ಣನಿಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಸೂಜಿ ಹೋದ ಮೈಯೇ ರಕ್ತವನ್ನೂ ಕೊಡುವುದು ನ್ಯಾಯವೆಂದು ಗುರುಪಾದನಿಗೆ ಅನಿಸಿತು. ಹೋದ, ಹೆಸರು ಕೂಗಿದಾಗ ಎದ್ದ, ತೋಳು ಚಾಚಿದ.

ವರದಿ ನೋಡಿ ಡಾಕ್ಟರ್ ಶ್ರಾವ್ಯಾ ಕುರ್ಚಿ ಬಿಟ್ಟು ಎದ್ದಳು. ಕ್ಯಾನ್ಸರಿನ ಅಳತೆ ಹೇಳುವ ಪಿಎಸ್‌ಎ ಎಂಬ ಅಂಕೆ ಮೊದಲು ನಾನೂರ ಹನ್ನೆರಡು ಇದ್ದದ್ದು ಈಗ ಅರ್ಧಕ್ಕೂ ಕಡಿಮೆ. ನಾನೂರರ ಅರ್ಧವಲ್ಲ, ಒಂದರ ಅರ್ಧ. “ಅಂಕಲ್, ಕಮಾಲ್ ಉಂಟು ನಿಮ್ಮದು!” ಎಂದು ನಿಂಗಣ್ಣನ ಕೈ ಕುಲುಕಿದಳು. ತಮ್ಮ ಡಾಕ್ಟರುಗಳ ಸಭೆಯಲ್ಲಿ ಅವನ ವರದಿಯನ್ನು ಪರದೆಯ ಮೇಲೆ ತೋರಿಸಿದಳಂತೆ. ನಿಂಗಣ್ಣ ಕಾಲು ಜೋಮು ಹಿಡಿಯುತ್ತದೆ ಎಂದು ಹೇಳಿದ. ಇಷ್ಟು ಒಳ್ಳೆಯ ವರದಿ ಇರುವಾಗ ಅದು ವಯಸ್ಸಿನದು, ಬೇಕಾದರೆ ಮೂಳೆ ಡಾಕ್ಟರಿಗೆ ತೋರಿಸಿ ಎಂದಳು. ನಾವೆಲ್ಲ ಪೇಢಾ ತಿಂದೆವು. ನಾನು ಎರಡು ತಿಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಪೇಢಾ ತಿಂದ ನಾಲ್ಕನೇ ದಿನ ನಿಂಗಣ್ಣ ಚಾಳಿನ ಮೆಟ್ಟಿಲಲ್ಲಿ ಬಿದ್ದ. ಎಡಗಾಲು ಹೇಳಿದ ಮಾತು ಕೇಳಲಿಲ್ಲ. ಗುರುಪಾದ ಅವನನ್ನು ಹೊತ್ತು ತಂದು ಮಲಗಿಸಿದ. ಹಾಗೇ ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತು ಬೆವರತೊಡಗಿದ. ಅಳುವೂ ಬಂತು. ನೀಲಾಬಾಯಿ ಹಿಂದೆಯೇ ಬಂದು ನಿಂತಳು.

“ಗುರುಪಾದಣ್ಣಾ, ಒಂದು ಕೇಳ್ತೀನಿ, ಖರೇ ಹೇಳ್ರಿ. ಹೊಟ್ಟಿಗೆ ಸೂಜಿ ಮಾಡಿಸ್ಕೊಂಡಾವ ಒಳಗ ಮಲಗ್ಯಾನ, ಅವಗ ಒಂದು ಹನಿ ಬೆವರಿಲ್ಲ. ಸೂಜಿ ಆದ್ರ ಕಾವು ಬರತೈತಿ ಅಂತ ಆ ಡಾಕ್ಟರ್ ಬಾಯಿ ನನ್ನ ಮುಂದಽ ಹೇಳ್ಯಾಳ. ಅದು ನಿಮಗ ಯಾಕ ಬರಾಕತ್ತೈತಿ?”

ಗುರುಪಾದ ಎಲ್ಲವನ್ನೂ ಹೇಳಿದ. ನೀಲಾಬಾಯಿ ಬೈಯಲಿಲ್ಲ, ಕೂಗಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಫೋನ್ ಮಾಡಿದಳು. ಬೈದದ್ದು ನಾನು. ಮೂರ್ಖರಿಬ್ಬರಿಗೂ ಸೇರಿಸಿ, ನನಗೆ ಬರುವ ನಾಲ್ಕೂ ಭಾಷೆಯಲ್ಲಿ ಬೈದೆ.

ಗುರುಪಾದನಿಗೆ ಹೆದರಿಕೆಯಿದ್ದದ್ದು ಬೈಗುಳಕ್ಕಲ್ಲ. ಇನ್ನೊಬ್ಬನ ಹೆಸರಲ್ಲಿ ಔಷಧಿ ತೆಗೆದುಕೊಂಡರೆ ಪೊಲೀಸ್ ಕೇಸಾಗುತ್ತದೆ, ನಿಂಗಣ್ಣನ ಕಾರ್ಡೇ ರದ್ದಾಗುತ್ತದೆ, ಆಮೇಲೆ ಕೀಮೋ ಕೂಡ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ಹೇಳಿದರೆ ಚಿಕಿತ್ಸೆ ಹೋಗುತ್ತದೆ, ಹೇಳದಿದ್ದರೆ ನಿಂಗಣ್ಣನೇ ಹೋಗುತ್ತಾನೆ. ಕಡೆಗೆ ಹೇಳುವುದೆಂದೇ ಹೊರಟೆವು. ಜೋಗೇಶ್ವರಿಯಿಂದ ಆಸ್ಪತ್ರೆಯವರೆಗೆ ಟ್ಯಾಕ್ಸಿಯಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ತುಟಿ ಅಲುಗಿಸುತ್ತಿದ್ದ. ಏನೆಂದು ಕೇಳಿದೆ. “ನನ್ನ ಹೆಸರು, ಹುಟ್ಟಿದ ತಾರೀಕು ಹೇಳಿಕೊಳ್ಳಾಕತ್ತೀನ್ರಿ. ಒಮ್ಮೆಲೇ ಕೇಳಿದ್ರ ಬಾಯಿಗೆ ಬರೂದಿಲ್ಲ,” ಎಂದ.

ಡಾಕ್ಟರ್ ಶ್ರಾವ್ಯಾ ಮೊದಲು ನಂಬಲಿಲ್ಲ. ಕಾರ್ಡು ತೋರಿಸಿ, ಇಂಜೆಕ್ಷನ್ ಆಗಿದೆ, ಶಿಕ್ಕೆ ಇದೆ ಎಂದಳು. ಗುರುಪಾದ ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸಿದ. ಅಷ್ಟರಲ್ಲಿ ಅವನಿಗೆ ಕಾವೂ ಬಂತು. ಅವಳ ಕಣ್ಣೆದುರೇ ಕುತ್ತಿಗೆಯಿಂದ ಹಣೆಯವರೆಗೆ ಕೆಂಪೇರಿ ಬೆವರು ಇಳಿಯತೊಡಗಿತು. ಅವಳು ನಗಲು ಬಾಯಿ ತೆರೆದವಳು ಹಾಗೇ ಕೂತಳು.

“ತೀನ್ ಮಹೀನೆ!” ಎಂದು ಫೈಲನ್ನು ಮೇಜಿಗೆ ಕುಕ್ಕಿದಳು. “ನಾನು ಸ್ಲೈಡ್ ಮಾಡಿ ತೋರಿಸಿದ್ದು ನಿಮ್ಮ ಬ್ಲಡ್ಡಾ?”

“ಹೌದ್ರೀ ಬಾಯಾರ. ಚಲೋ ಬಂದಿತ್ತಂತ ಹೇಳಿದ್ರು.”

ಅವಳು ಇಬ್ಬರ ರಕ್ತವನ್ನೂ ತನ್ನ ಎದುರಿಗೇ ತೆಗೆಸಿದಳು, ಶೀಶೆಗಳ ಮೇಲೆ ತಾನೇ ಹೆಸರು ಬರೆದಳು. ನಿಂಗಣ್ಣನ ಬೆನ್ನಿನ ಸ್ಕ್ಯಾನ್ ಅದೇ ದಿನ ಆಯಿತು. ಸಂಜೆಗೆ ವರದಿ ಬಂತು. ನಿಂಗಣ್ಣನ ಗಂಡಸುತನದ ಹಾರ್ಮೋನು ಮದುವೆ ಗಂಡಿನಷ್ಟಿತ್ತು, ಪಿಎಸ್‌ಎ ಇನ್ನೂ ಮುನ್ನೂರರ ಹತ್ತಿರವಿತ್ತು. ಬೆನ್ನುಮೂಳೆಯ ಗಡ್ಡೆ ನರದ ಮೇಲೆ ಒತ್ತುತ್ತಿತ್ತು. ಲಾಠಿ ಬೀಸಿದ್ದರು, ರೇಷನ್ ಮಾತ್ರ ದಿನಾ ತಪ್ಪದೆ ಹೋಗುತ್ತಿತ್ತು.

“ನಮ್ದೂ ತಪ್ಪುಂಟು, ಮುಖ ನೋಡಿ ಕೊಡ್ಬೇಕಿತ್ತು,” ಎಂದಳು ಶ್ರಾವ್ಯಾ, ದನಿ ಇಳಿಸಿ. “ಕಾರ್ಡ್ ಕ್ಯಾನ್ಸಲ್ ಮಾಡುದಿಲ್ಲ, ನಾನು ಮಾತಾಡ್ತೇನೆ. ಬೆನ್ನಿಗೆ ಕಲ್ ಸೇ ರೇಡಿಯೇಷನ್. ಇಂಜೆಕ್ಷನ್ ಆಜ್, ಅಭೀ. ಲೇಟ್ ಆಗಿದೆ. ಹಿಡೀತದಾ ಇಲ್ವಾ, ಪ್ರಾಮಿಸ್ ಮಾಡ್ಲಿಕ್ಕೆ ಆಗುದಿಲ್ಲ.”

ಸೂಜಿಯ ಕೋಣೆಯ ಹೊರಗೆ ಗಾಲಿಕುರ್ಚಿಯಲ್ಲಿ ಕೂತ ನಿಂಗಣ್ಣ ಮೊಂಡು ಹಿಡಿದ. ಒಲ್ಲೆ ಎಂದ. ಬೇಕಾದರೆ ಇನ್ನೆರಡು ಕೀಮೋ ಹೆಚ್ಚಿಗೆ ಕೊಡಲಿ, ಇದೊಂದು ಬೇಡ ಎಂದ. ನೀಲಾಬಾಯಿ ಕೈ ಮುಗಿದಳು. ನಾನು ಗದರಿದೆ. ಕಡೆಗೆ ಅವನು ಗುರುಪಾದನ ಕಡೆ ನೋಡಿ, ನಾಚಿಕೆಯಿಲ್ಲದೆ, “ಇದೊಂದು ಸಲ ನೀನಽ ಹೋಗಿ ಬಾ, ನಿನಗ ರೂಢಿ ಐತಿ,” ಎಂದ.

ಗುರುಪಾದ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಡೀ ಸಾಲು ತಿರುಗಿ ನೋಡಿತು.

“ಲೇ ನಿಂಗಣ್ಣಾ! ನಿನ್ನ ಲಿಫ್ಟ್ ನಡಸೀನಿ. ನಿನ್ನ ಹೆಸರಿಗೆ ಬೈಸಿಕೊಂಡೀನಿ. ನಿನ್ನ ಸೂಜಿ ಹೊಟ್ಟ್ಯಾಗ ಇಟ್ಟುಕೊಂಡು ಎರಡು ತಿಂಗಳಿಂದ ಹೆಂಗಸರಂಗ ಬೆವರಾಕತ್ತೀನಿ, ಅಳಾಕತ್ತೀನಿ. ನೀ ಸತ್ತ ದಿನ ನನ್ನ ಕರೀಬ್ಯಾಡ. ಅದಕ್ಕ ನಾ ಬದಲಿ ಬರಾಕ ಆಗೂದಿಲ್ಲ!”

ಆಮೇಲೆ ಗುರುಪಾದ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ದನಿ ತಗ್ಗಿಸಿ, ಚಿಕ್ಕ ಮಕ್ಕಳಿಗೆ ದಾರಿ ಹೇಳುವಂತೆ ಹೇಳತೊಡಗಿದ. “ಏನಾಗತೈತಿ ನಾ ಹೇಳ್ತೀನಿ ಕೇಳು. ಸೂಜಿ ಇರುವಿ ಕಡದಂಗ, ಅಷ್ಟ. ಮೊದಲ ಎರಡು ವಾರ ಏನೂ ಇಲ್ಲ. ಮೂರನೇ ವಾರ ಕುತ್ತಿಗಿಂದ ಕಾವು ಏಳತೈತಿ. ಹೆದರಬ್ಯಾಡ, ಹತ್ತು ನಿಮಿಷ. ಎದಿ ನೋಯತೈತಿ, ಬನಿಯನ್ ಸಡಲ ಹಾಕ್ಕೋ. ಅಳು ಬಂದ್ರ ಅತ್ತುಬಿಡು, ತಡಕೊಂಡ್ರ ತಲಿ ಹಿಡೀತೈತಿ. ದನಿ ಇದ್ದಂಗ ಇರತೈತಿ. ಮೀಸಿ ನೋಡು, ಹಿಡಿದು ನೋಡು. ಒಂದು ಕೂದಲಾ ಹೋಗಿಲ್ಲ.”

ನಿಂಗಣ್ಣ ನಿಜವಾಗಿಯೂ ಕೈ ಚಾಚಿ ಅವನ ಮೀಸೆ ಹಿಡಿದು ನೋಡಿದ. ಆಮೇಲೆ ನರ್ಸಿನ ಕಡೆ ತಿರುಗಿ ಶರ್ಟ್ ಎತ್ತಿದ.

ಅಲ್ಲಿಂದ ಶುರುವಾಯಿತು ಕಾಯುವುದು. ರೇಡಿಯೇಷನ್ನಿಗೆ ಕಾಲು ತುಸು ಹಿಡಿತಕ್ಕೆ ಬಂತು, ಗೋಡೆ ಹಿಡಿದು ನಡೆಯತೊಡಗಿದ. ಆದರೆ ಸೂಜಿ ಹಿಡಿಯಿತೋ ಇಲ್ಲವೋ ತಿಳಿಯಲು ರಕ್ತ ತಪಾಸಣೆಯ ದಿನ ದೂರವಿತ್ತು, ಅಷ್ಟು ದಿನ ತಡೆಯುವ ತಾಳ್ಮೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾವು ಬಂದರೆ ಹಿಡಿದಂತೆ ಎಂದು ಗುರುಪಾದ ತೀರ್ಪು ಕೊಟ್ಟಿದ್ದ. ಹದಿನೆಂಟನೇ ದಿನ ಬರಲಿಲ್ಲ. ಇಪ್ಪತ್ತಾಯಿತು, ಬರಲಿಲ್ಲ. ಎಲ್ಲರಿಗೂ ಕಾವು ಬರಬೇಕೆಂದೇನೂ ಇಲ್ಲ ಎಂದು ಶ್ರಾವ್ಯಾ ಫೋನಿನಲ್ಲಿ ಹೇಳಿದಳು, ಯಾರೂ ಸಮಾಧಾನಗೊಳ್ಳಲಿಲ್ಲ. ನೀಲಾಬಾಯಿ ದಿನಕ್ಕೆ ಹತ್ತು ಸಲ ಗಂಡನ ಹಣೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿರುತ್ತಿತ್ತು. ಮೂರು ತಿಂಗಳು ತಡವಾದದ್ದು ತುಂಬಾ ತಡವಾಯಿತೇನೋ ಎಂದು ನನಗೂ ಒಳಗೊಳಗೆ ಭಯ. ಆ ವಾರ ಗುರುಪಾದ ಯಾವ ಬದಲಿಗೂ ಹೋಗಲಿಲ್ಲ.

ಇಪ್ಪತ್ಮೂರನೇ ದಿನ ಭಾನುವಾರ. ನಾನು ನೋಡಿ ಬರಲೆಂದು ಜೋಗೇಶ್ವರಿಗೆ ಹೋಗಿದ್ದೆ. ಮೇ ತಿಂಗಳು, ಮಧ್ಯಾಹ್ನ. ಕರೆಂಟ್ ಬಿಲ್ಲಿಗಿಂತ ಸೆಖೆಯೇ ವಾಸಿಯೆಂದು ಫ್ಯಾನ್ ಆರಿಸಿ ಊಟಕ್ಕೆ ಕೂತಿದ್ದೆವು. ನಿಂಗಣ್ಣ ರೊಟ್ಟಿ ಮುರಿದವನು ತುತ್ತನ್ನು ಬಾಯಿಗೆ ಒಯ್ಯದೆ ಹಾಗೇ ಕೂತ. ಶಾಲನ್ನು ಹೆಗಲಿನಿಂದ ಜಾರಿಸಿದ. ಕಿವಿ ಕೆಂಪಾಯಿತು, ಬೋಳು ತಲೆಯ ಮೇಲೆ ಹನಿಗಳು ಮೂಡಿದವು.

ಗುರುಪಾದ ಕೈಯಲ್ಲಿದ್ದ ಲೋಟ ಕೆಳಗಿಟ್ಟ. “ಎಲ್ಲಿಂದ ಬಂತು? ಎದಿಂದೋ, ಕುತ್ತಿಗಿಂದೋ?”

“ಕುತ್ತಿಗಿಂದ.”

“ಮ್ಯಾಲ ಏರಾಕತ್ತೈತೋ?”

“ಏರಾಕತ್ತೈತಿ.”

“ಹಂಗಾರ ಅದಽ ಐತಿ,” ಎಂದ ಗುರುಪಾದ.

ನೀಲಾಬಾಯಿ ಗಂಡನ ಹಣೆಯ ಬೆವರನ್ನು ಬೆರಳಿನಿಂದ ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅಳುತ್ತಲೇ ಎದ್ದು ಫ್ಯಾನಿನ ಬಟನ್ ಕಡೆ ಕೈ ಚಾಚಿದಳು.

“ಹಚ್ಚಬ್ಯಾಡ,” ಎಂದ ನಿಂಗಣ್ಣ. “ಇರ್ಲಿ ಸ್ವಲ್ಪ.”